ಅತ್ತೆಯ ಮಾತು, ನನ್ನ ಇಂಗ್ಲಿಷು

ಆ ದಿನ ಮನೆ ಬಿಸಿ ಮಾಡುವ ಫರ್ನೇಸು ಕೆಡದೆ ಇದ್ದಿದ್ದರೆ ಅತ್ತೆ ನನ್ನ ಜೊತೆ ಮಾಲ್ಟನ್ನಿಗೆ ಬರುತ್ತಲೇ ಇರಲಿಲ್ಲ. ನವೆಂಬರು ಅರ್ಧ ಕಳೆದಿತ್ತು. ಬೆಳಿಗ್ಗೆ ಎದ್ದರೆ ನೆಲ ಕಾಲಿಗೆ ಐಸಿನ ಹಾಗೆ ತಾಗುತ್ತಿತ್ತು. ರಿಪೇರಿಯವನು ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದ. ಗಂಡ ಅಷ್ಟೊತ್ತಿಗೆ ಆಫೀಸಿಂದ ಬಂದು ಅವನನ್ನು ನೋಡಿಕೊಳ್ಳುವುದು, ಅಲ್ಲಿಯವರೆಗೆ ಅತ್ತೆಯನ್ನು ನಾನು ಕರೆದುಕೊಂಡು ಹೋಗುವುದು ಎಂದಾಯಿತು. ಅತ್ತೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಜಾಕೆಟ್ಟು ಹಾಕಿಕೊಂಡು, ತಲೆ ಬಾಚಿ, ನನಗಿಂತ ಮೊದಲೇ ಕಾರಿನ ಹತ್ತಿರ ನಿಂತಿದ್ದರು.

ನಾನು ಹೊರಟಿದ್ದು ಒಂದು ಫೌಂಡೇಶನ್ನಿನ ಕೆಲಸಕ್ಕೆ. ಟೊರಾಂಟೊ ಸುತ್ತಮುತ್ತಲಿನ ಊರುಗಳ ಜನ ಕೊಟ್ಟ ಹಣವನ್ನು ಇಲ್ಲಿಯದೇ ಸಣ್ಣ ಸಣ್ಣ ಸಂಸ್ಥೆಗಳಿಗೆ ಹಂಚುವ ಫೌಂಡೇಶನ್ನು ಅದು. ಒಂದು ಕಡೆ ಬಡವರಿಗೆ ದಿನಸಿ ಕೊಡುವ ಫುಡ್ ಬ್ಯಾಂಕು, ಇನ್ನೊಂದು ಕಡೆ ಮನೆ ಬಿಟ್ಟು ಬಂದ ಹೆಂಗಸರ ಆಸರೆ, ಮತ್ತೊಂದು ಕಡೆ ಮಕ್ಕಳ ಟ್ಯೂಶನ್ನು. ಯಾರಿಗೆ ಕೊಡಬೇಕು ಎಂದು ನೋಡುವುದಕ್ಕೆ ಊರಿನವರದೇ ಒಂದು ಕಮಿಟಿ. ಸಂಬಳವಿಲ್ಲದ ಕೆಲಸ. ನಮ್ಮ ಕಂಪನಿಯಲ್ಲಿ ಇಂಥದ್ದಕ್ಕೆ ರಜೆ ಕೊಡುತ್ತಾರೆ. ನಾನು ಎರಡನೇ ವರ್ಷ ಆ ಕಮಿಟಿಯಲ್ಲಿದ್ದೆ. ಗೆಳತಿಯರ ಗುಂಪಿನಲ್ಲಿ ಆ ವಿಷಯ ಹೇಗೋ ಮಾತಿಗೆ ಬರುವ ಹಾಗೆ ನೋಡಿಕೊಳ್ಳುತ್ತಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಅರ್ಜಿಗಳನ್ನು ಓದುತ್ತಿದ್ದದ್ದು ಅಡುಗೆಮನೆಯ ಟೇಬಲ್ಲಿನ ಮೇಲೆ, ಊಟ ಆದ ನಂತರ. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಲೋ, ಸುಮ್ಮನೆ ಶಾಲಿನ ಅಂಚು ಮಡಿಸುತ್ತಲೋ ಇರುತ್ತಿದ್ದರು.

"ಅದೇನಮ್ಮ ಅಷ್ಟೊಂದು ಓದ್ತೀಯಾ?"

"ಒಂಟಿಯಾಗಿರೋ ವಯಸ್ಸಾದವರಿಗೆ ಸಹಾಯ ಮಾಡೋ ಸಂಸ್ಥೆದು ಅತ್ತೆ. ಸ್ವಲ್ಪ ಹೊತ್ತು, ಮುಗಿಸಿಬಿಡ್ತೀನಿ."

ಅವರು "ಓದು, ಓದು" ಎಂದು ಸುಮ್ಮನಾಗುತ್ತಿದ್ದರು. ನಾನು ಮುಗಿಸಿ ತಲೆ ಎತ್ತುವಷ್ಟರಲ್ಲಿ ಎದ್ದು ಹೋಗಿರುತ್ತಿದ್ದರು. ಇದನ್ನು ಬರೆಯುವಾಗ ನನಗೇ ನಂಬಿಕೆ ಬರುವುದಿಲ್ಲ, ಆದರೆ ಆಗ ನನಗೆ ಅದರಲ್ಲಿ ಏನೂ ಕಾಣಿಸಿರಲಿಲ್ಲ.

ಅತ್ತೆ ಮಂಡ್ಯದವರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಹುಡುಗಿಯರು, ಮಿಶನ್ನಿನ ಸದ್ದು, ಬ್ಲೌಸಿಗೆ ಅಳತೆ ಕೊಡಲು ಬಂದ ಹೆಂಗಸರ ಕಷ್ಟಸುಖ. ಮಾವ ತೀರಿಕೊಂಡ ಮೇಲೆ ನಾವೇ ಒತ್ತಾಯ ಮಾಡಿ ನಾವಿರುವ ಅರೋರಾಕ್ಕೆ ಕರೆಸಿಕೊಂಡೆವು. ಅವರಿಗೆ ಬೇರೆ ರೂಮು, ರೂಮಿನಲ್ಲಿ ಟೀವಿ, ಟೀವಿಯಲ್ಲಿ ಕನ್ನಡ ಚಾನೆಲ್ಲು. ತಂದೆತಾಯಿಯರು ವರ್ಷಗಟ್ಟಲೆ ಇರಲು ಕೊಡುವ ಸೂಪರ್ ವೀಸಾ ಸಿಕ್ಕಿದಾಗ ನಾನು ಪಾಯಸ ಮಾಡಿದ್ದೆ. ನಾನು ಕೆಟ್ಟ ಸೊಸೆಯಲ್ಲ ಎಂದೇ ಅಂದುಕೊಂಡಿದ್ದೆ.

ಅರ್ಜಿ ಹಾಕಿದ್ದಕ್ಕೆ ನಾವು ನೋಡಲು ಹೊರಟಿದ್ದ ಮಾಲ್ಟನ್ನಿನ ಸಂಸ್ಥೆ ಒಂದು ಹಳೇ ಪ್ಲಾಜಾದ ಹಿಂದುಗಡೆ, ಹಿಂದೆ ಬ್ಯಾಂಕ್ವೆಟ್ ಹಾಲಾಗಿದ್ದ ಜಾಗದಲ್ಲಿತ್ತು. ಮಂಗಳವಾರ ಮತ್ತು ಗುರುವಾರ ವಯಸ್ಸಾದವರು ಬಂದು, ವ್ಯಾಯಾಮ ಮಾಡಿ, ಊಟ ಮಾಡಿ, ಇಸ್ಪೀಟು ಆಡಿ ಹೋಗುತ್ತಾರೆ. ಅಡುಗೆ ಅಲ್ಲೇ. ಒಳಗೆ ಕಾಲಿಟ್ಟರೆ ಬೇಳೆ ಒಗ್ಗರಣೆಯ ವಾಸನೆ, ಏಳೆಂಟು ಭಾಷೆಯ ಗದ್ದಲ. ಏರ್‌ಪೋರ್ಟು ಪಕ್ಕದಲ್ಲೇ. ವಿಮಾನ ತಲೆಯ ಮೇಲೇ ಇಳಿದ ಹಾಗೆ ಹೋದಾಗ ಎಲ್ಲರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದರು. ಅವರು ಎರಡು ವಿಷಯಕ್ಕೆ ಸಹಾಯ ಕೇಳಿದ್ದರು. ಒಂದು ಅಡುಗೆಮನೆ ನಡೆಸುವುದಕ್ಕೆ, ಇನ್ನೊಂದು ದೂರದಿಂದ ಬರಲಾಗದವರನ್ನು ಕರೆತರುವ ವ್ಯಾನಿಗೆ.

ಅವತ್ತು ಕಮಿಟಿಯಿಂದ ನಾವು ಮೂವರು ಬಂದಿದ್ದೆವು. ನಮ್ಮ ಕಮಿಟಿಯ ಹಿರಿಯರು ಸ್ಕೂಲಿನಲ್ಲಿ ಪ್ರಿನ್ಸಿಪಾಲಾಗಿ ರಿಟೈರಾದ ಬಿಳಿ ಹೆಂಗಸು, ತುಂಬ ಸಭ್ಯರು, ಯಾರು ಮಾತಾಡಿದರೂ ಪೂರ್ತಿ ಕೇಳುವವರು. ನಾನು ಅತ್ತೆಯನ್ನು ಪರಿಚಯ ಮಾಡಿಸಿ, ಮನೆ ತಣ್ಣಗಿರುವುದನ್ನು ಹೇಳಿದೆ. ಅವರು ಅತ್ತೆಯ ಎರಡೂ ಕೈ ಹಿಡಿದುಕೊಂಡು ಸ್ವಾಗತಿಸಿದರು.

ಅತ್ತೆಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ ನಾನು ಅಡುಗೆಮನೆ ನೋಡಲು ಹೋದೆ. ವಾಪಸ್ಸು ಬಂದಾಗ ಕುರ್ಚಿ ಖಾಲಿ. ಅತ್ತೆ ಹಾಲಿನ ಇನ್ನೊಂದು ತುದಿಯಲ್ಲಿ ಒಬ್ಬ ಪಂಜಾಬಿ ಮುದುಕಿಯ ಪಕ್ಕ ಕೂತು, ಆಕೆಯ ಕಮೀಜಿನ ತೋಳನ್ನು ಒಳಗೆ ಮಗುಚಿ ಹೊಲಿಗೆ ತೋರಿಸುತ್ತಿದ್ದರು. ಇಬ್ಬರಿಗೂ ಸೇರಿ ಇದ್ದದ್ದು ಇಪ್ಪತ್ತು ಹಿಂದಿ ಶಬ್ದ ಇದ್ದರೆ ಹೆಚ್ಚು. ಆದರೂ ಇಬ್ಬರೂ ಜೋರಾಗಿ ನಗುತ್ತಿದ್ದರು. ಆ ಮುದುಕಿಯನ್ನು ಎಲ್ಲರೂ ಬೀಜಿ ಎನ್ನುತ್ತಿದ್ದರು. ಪಂಜಾಬಿನವರು ಮನೆಯ ಹಿರಿಯ ಹೆಂಗಸನ್ನು ಹಾಗೆ ಕರೆಯುತ್ತಾರಂತೆ. ಪಕ್ಕದೂರು ಬ್ರ್ಯಾಂಪ್ಟನ್ನಿನ ಆಚೆ ತುದಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮಗ ಟ್ರಕ್ಕು ಓಡಿಸುತ್ತಾನೆ, ಸೊಸೆಗೆ ವೇರ್‌ಹೌಸಿನಲ್ಲಿ ಶಿಫ್ಟು.

ಅತ್ತೆ ಹಾಗೆ ನಕ್ಕಿದ್ದನ್ನು ನಾನು ನಮ್ಮ ಮನೆಯಲ್ಲಿ ನೋಡಿರಲಿಲ್ಲ. ಆ ಯೋಚನೆ ಬಂತು, ಅದನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋದೆ.

ಊಟಕ್ಕೆ ಮುಂಚೆ ಎಲ್ಲರನ್ನೂ ಗುಂಡಗೆ ಕೂರಿಸಿದರು. ಸಂಸ್ಥೆ ನಡೆಸುವ ಹೆಂಗಸು, ಗಯಾನಾ ಕಡೆಯವಳು, ಒಬ್ಬೊಬ್ಬರನ್ನೇ ಮಾತಾಡಿಸುತ್ತ ಬಂದಳು. ಇಲ್ಲಿಗೆ ಬಾರದ ದಿನ ನೀವು ಏನು ಮಾಡುತ್ತೀರಿ ಎಂಬುದು ಅವಳ ಪ್ರಶ್ನೆ. ಜೊತೆಗಿದ್ದವರು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಸರದಿ ಅತ್ತೆಯ ಹತ್ತಿರ ಬಂತು. ಇವರು ಇಲ್ಲಿಯವರಲ್ಲ ಎಂದು ನಾನು ತಡೆಯಲು ಹೋದೆ. ಪ್ರಿನ್ಸಿಪಾಲಮ್ಮ, "ಪರವಾಗಿಲ್ಲ, ಅವರೂ ಹೇಳಲಿ, ನೀವೇ ಅನುವಾದ ಮಾಡಿ" ಎಂದರು.

ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. ಅತ್ತೆ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಎದುರಿಗೆ ಕೂತವರಿಗೆ, ಅವರಿಗೆ ಕನ್ನಡ ಬರುತ್ತದೆ ಎಂಬ ಹಾಗೆ, ಹೇಳತೊಡಗಿದರು.

"ಬೆಳಿಗ್ಗೆ ಎಲ್ಲಾರೂ ಹೊರಟೋಯ್ತಾರೆ. ಆಮೇಲೆ ಮನೇಲಿ ನಾನು, ಫ್ರಿಜ್ಜು. ಫ್ರಿಜ್ಜು ಗುರ್ ಅಂದ್ರೆ ಯಾರೋ ಅವ್ರೆ ಅನ್ನಿಸ್ತದೆ. ಕಿಟಕೀಲಿ ನಿಂತ್ರೆ ಬೀದೀಲಿ ಒಬ್ಬ ಮನುಷ್ಯ ನಡ್ಯಲ್ಲ. ಪಾರ್ಸೆಲ್ ಕೊಡೋನು ಗಾಡಿ ನಿಲ್ಲಿಸಿದ್ರೆ ಓಡೋಗಿ ಬಾಗಿಲು ತೆಗೀತೀನಿ, ಅಷ್ಟೊತ್ತಿಗೆ ಇಟ್ಬುಟ್ಟು ಹೋಗಿರ್ತಾನೆ. ಸಂಜೆ ಇವರು ಬರೋ ಹೊತ್ತಿಗೆ ಇವರಿಗೂ ಸಾಕಾಗಿರ್ತದೆ. ನಾನೇನಾದ್ರೂ ಅಂದ್ರೆ ಹ್ಞೂಂ ಅಂತಾರೆ. ಮೊಮ್ಮಗಳಿಗೆ ನನ್ನ ಮಾತು ತಿಳೀತದೆ, ಅವಳ ಮಾತು ನನಗೆ ತಿಳ್ಯಲ್ಲ. ಇವರದ್ದು ತಪ್ಪು ಅಂತ ಹೇಳ್ತಿಲ್ಲ ಕಣಮ್ಮ. ಮೊನ್ನೆ ಒಂದಿನ ನನ್ನ ಹೆಸರು ನಾನೇ ಜೋರಾಗಿ ಕೂಗ್ಕೊಂಡೆ, ದನಿ ಅದಾ ಇಲ್ವಾ ನೋಡುವಾ ಅಂತ. ಇವತ್ತು ಆ ಬಿಸಿಗಾಳಿ ಮಿಶನ್ನು ಕೆಟ್ಟಿದ್ದೇ ಒಳ್ಳೇದಾಯ್ತು."

ಒಂದು ವಿಮಾನ ಬಂತು. ಎಲ್ಲರೂ ಕಾದರು. ಸದ್ದು ಕರಗಿದ ಮೇಲೆ ಎಲ್ಲರ ಮುಖ ನನ್ನ ಕಡೆ ತಿರುಗಿತ್ತು. ಅತ್ತೆಯ ಕಣ್ಣು ಒದ್ದೆಯಾಗಿರಲಿಲ್ಲ. ಅವರು ಶಾಂತವಾಗಿ ಹೇಳಿದ್ದರು. ಹಾಗಾಗಿ ಹೇಳಿದ್ದು ಏನೆಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಅವರು ನಮ್ಮ ಜೊತೆ ಇದ್ದಾರೆ, ಹ್ಯಾಪಿಯಾಗಿದ್ದಾರೆ, ಹಗಲು ಸ್ವಲ್ಪ ಬೇಜಾರಾಗುತ್ತದೆ, ಇಲ್ಲಿ ಜನರನ್ನು ನೋಡಿ ಖುಷಿಯಾಯಿತು ಎನ್ನುತ್ತಿದ್ದಾರೆ.

ಅದನ್ನು ಹೇಳುವಾಗ ನನ್ನ ಮುಖದಲ್ಲಿ ನಗು ಕೂಡ ಇತ್ತು. ಪ್ರಿನ್ಸಿಪಾಲಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, ನಿಮ್ಮ ಜನ ಹಿರಿಯರನ್ನು ನೋಡಿಕೊಳ್ಳುವುದನ್ನು ನಾವು ಕಲಿಯಬೇಕು ಎಂದರು. ನಾನು ಥ್ಯಾಂಕ್ಸ್ ಎಂದೆ.

ವಾಪಸ್ಸು ಬರುವಾಗ ಹೈವೇಯಲ್ಲಿ ಟ್ರಾಫಿಕ್ಕು ನಿಂತಿತ್ತು. ಅತ್ತೆ ಕೇಳಿದರು:

"ನಾನು ಅಷ್ಟುದ್ದ ಹೇಳ್ದೆ. ನಿನ್ನ ಇಂಗ್ಲಿಷಲ್ಲಿ ಅದು ಅಷ್ಟು ಸಣ್ಣಕ್ಕಾಗ್ತದಾ?"

"ಸಾರಾಂಶ ಹೇಳಿದೆ ಅತ್ತೆ."

"ಹ್ಞೂಂ" ಎಂದರು. ಆಮೇಲೆ ಬೀಜಿಯ ಕಮೀಜಿನ ತೋಳಿನ ಹೊಲಿಗೆ ಎಷ್ಟು ಚೆನ್ನಾಗಿತ್ತು ಎಂದು ಹೇಳತೊಡಗಿದರು.

ಕಮಿಟಿಯ ಕೊನೆಯ ಸಭೆಯಲ್ಲಿ ಮಾಲ್ಟನ್ನಿನ ಸರದಿ ಬಂತು. ಅಡುಗೆಮನೆಗೆ ಕೊಡಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ವ್ಯಾನಿನ ವಿಷಯಕ್ಕೆ ಪ್ರಿನ್ಸಿಪಾಲಮ್ಮ, ಸಬರ್ಬಿನಲ್ಲಿರುವ ಹಿರಿಯರಿಗೆ ಮನೆಯವರ ಆಸರೆ ಗಟ್ಟಿಯಾಗಿರುವುದನ್ನು ನಾವೇ ನೋಡಿದೆವು, ಇದನ್ನು ಮುಂದಿನ ವರ್ಷ ನೋಡಬಹುದಲ್ಲವೇ ಎಂದರು. ನನ್ನ ಕಡೆ ತಿರುಗಿ, "ನಿಮಗೇನನ್ನಿಸುತ್ತದೆ?" ಎಂದು ಕೇಳಿದರು. ಅವತ್ತು ಉಳಿದ ಅರ್ಜಿಗಳೂ ಒಳ್ಳೆಯವೇ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಿತ್ತು. ವ್ಯಾನಿನ ಪರವಾಗಿ ಬಾಯಿ ತೆರೆದಿದ್ದರೆ ಅತ್ತೆಯ ಮಾತನ್ನೆಲ್ಲ ಹೇಳಬೇಕಾಗುತ್ತಿತ್ತು, ಅವತ್ತು ಯಾಕೆ ಹೇಳಲಿಲ್ಲ ಎಂಬುದನ್ನೂ.

ಮುಂದಿನ ವರ್ಷ ನೋಡೋಣ ಎಂದೆ.

ಆ ರಾತ್ರಿಯೇ ಗಂಡನಿಗೆ, ಇನ್ನು ಮೇಲೆ ಮಂಗಳವಾರ ಅತ್ತೆಯನ್ನು ಮಾಲ್ಟನ್ನಿಗೆ ಬಿಟ್ಟು ಬರುತ್ತೇನೆ ಎಂದೆ. ಅವನಿಗೆ ಆಶ್ಚರ್ಯ, ಸಂತೋಷ. "ಅಷ್ಟು ದೂರ ಮ್ಯಾನೇಜ್ ಮಾಡ್ತೀಯಾ?" ಎಂದ. ಮಾಡುತ್ತೇನೆ ಎಂದೆ. ಮಂಗಳವಾರ ಅಲ್ಲೇ ಪ್ಲಾಜಾದ ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪು ತೆರೆದು ಕೂರುತ್ತಿದ್ದೆ. ಮಧ್ಯಾಹ್ನ ಹೊರಗೆ ಬಂದ ಅತ್ತೆ ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಯಾರ ಮಗಳಿಗೆ ಹೆರಿಗೆ, ಯಾರಿಗೆ ಮಂಡಿನೋವು, ಬೀಜಿ ಹೇಗೆ ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ. ನಾನು ಅದನ್ನೆಲ್ಲ ಕೇಳುತ್ತ ನನ್ನ ಮನಸ್ಸಿಗೆ ಸಮಾಧಾನ ಮಾಡಿಕೊಂಡಿದ್ದೆ. ನಮ್ಮ ಮನೆಯ ಮಟ್ಟಿಗೆ ಎಲ್ಲ ಸರಿಯಾಯಿತಲ್ಲ ಎಂದು.

ಜನವರಿಯಲ್ಲಿ ಹಿಮ ಬೀಳಲು ಶುರುವಾದಾಗ ಅತ್ತೆ ಒಂದು ಸಲ ಕೇಳಿದರು:

"ಬೀಜೀನೂ ಕಾರಿಗೆ ಹತ್ತಿಸ್ಕೊಳ್ಳಾಕೆ ಆಗ್ತದಾ? ಪಾಪ, ಬಸ್‌ಸ್ಟಾಪಲ್ಲಿ ನಿಂತು ನಿಂತು ಕಾಲು ಮರಗಟ್ಟೋಯ್ತದಂತೆ."

"ಅವರ ಮನೆ ನಮ್ಮ ದಾರೀಲಿಲ್ಲ ಅತ್ತೆ. ಸುತ್ತಾಗುತ್ತೆ. ಬೆಳಿಗ್ಗೆ ನಂದು ಮೀಟಿಂಗ್ ಬೇರೆ ಇರುತ್ತೆ."

ಅತ್ತೆ ಮತ್ತೆ ಕೇಳಲಿಲ್ಲ. ಸುತ್ತಾಗುತ್ತಿದ್ದದ್ದು ನಿಜ. ಮೀಟಿಂಗು ಇದ್ದದ್ದೂ ನಿಜ.

ಫೆಬ್ರುವರಿಯ ಒಂದು ಮಂಗಳವಾರ ಬೀಜಿ ಬರಲಿಲ್ಲ. ಹಿಂದಿನ ದಿನ ಬಿದ್ದ ಮಳೆ ನೆಲದ ಮೇಲೆ ಹೆಪ್ಪುಗಟ್ಟಿತ್ತು. ಎರಡನೇ ಬಸ್ಸಿಗೆ ಕಾಯುವ ಜಾಗದಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಯಾರೋ ಕಾಲೇಜಿಗೆ ಹೋಗುವವರು ಆಂಬುಲೆನ್ಸು ಕರೆಸಿದರಂತೆ. ಆ ಸಂಸ್ಥೆಯ ಹೆಂಗಸು ನನಗೆ ಅದನ್ನು ಹೇಳುವಾಗ ವ್ಯಾನಿನ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಾಫಿ ಅಂಗಡಿಗೆ ಹೋಗಲು ಮನಸ್ಸಾಗದೆ ಅವತ್ತು ಕಾರಿನಲ್ಲೇ ಕೂತಿದ್ದೆ.

ಆಪರೇಶನ್ನು ಆದ ಮೇಲೆ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೀಜಿ ಹಾಸಿಗೆಯಲ್ಲಿ ಅರ್ಧ ಆಗಿಹೋಗಿದ್ದರು. ಕೂದಲು ಗಂಟುಗಂಟಾಗಿತ್ತು. ಅತ್ತೆ ಏನೂ ಹೇಳದೆ ತಮ್ಮ ಬ್ಯಾಗಿನಿಂದ ಬಾಚಣಿಗೆ ತೆಗೆದು, ಸಿಕ್ಕು ಬಿಡಿಸಿ, ಜಡೆ ಹಾಕತೊಡಗಿದರು. ನಾನು ಹಾಸಿಗೆಯ ಪಕ್ಕ ನಿಂತು, ನನಗೆ ಬರುವ ಹಿಂದಿಯಲ್ಲಿ, ನಿಮಗೆ ವ್ಯಾನು ಬರಬೇಕಿತ್ತು ಬೀಜಿ, ನನ್ನಿಂದಾಗಿ ತಪ್ಪಿತು ಎಂದೆ. ಬೀಜಿ ನೋವಿನ ಮಾತ್ರೆಯ ಮಂಪರಿನಲ್ಲಿದ್ದರು. ನನ್ನ ಕೈಯಲ್ಲಿದ್ದ ಫ್ಲಾಸ್ಕನ್ನು ನೋಡಿ, ಚಹಾಕ್ಕೆ ಸಕ್ಕರೆ ಹಾಕಿದ್ದೀಯೋ ಇಲ್ಲವೋ ಎಂದು ಕೇಳಿದರು. ಹಾಕಿದ್ದೇನೆ ಎಂದೆ. ಹಾಗಾದರೆ ಕೊಡು ಎಂದರು.

ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟು ಮಾಡದೆ ಅತ್ತೆಗೆ ಎಲ್ಲ ಹೇಳಿದೆ. ಅವತ್ತು ನೀವು ಹೇಳಿದ್ದನ್ನು ನಾನು ಹೇಳಲಿಲ್ಲ, ನಾಚಿಕೆಯಾಯಿತು, ನಮ್ಮ ಮನೆಯ ವಿಷಯ ಅವರೆದುರು ಬರಬಾರದು ಅನ್ನಿಸಿತು, ಅದರಿಂದ ವ್ಯಾನು ಸಿಗಲಿಲ್ಲ ಎಂದು. ಅತ್ತೆ ಸೀಟ್‌ಬೆಲ್ಟು ಸರಿಮಾಡಿಕೊಳ್ಳುತ್ತ ಕೇಳಿಸಿಕೊಂಡರು.

"ನನಗೆ ಅವತ್ತೇ ಗೊತ್ತಾಯ್ತು ಕಣಮ್ಮ. ಹ್ಯಾಪಿ ಅಂದ್ರೆ ನನಗೂ ತಿಳೀತದೆ. ನಾನು ಹ್ಯಾಪಿ ಅನ್ನೋ ಮಾತೇ ಆಡಿರ್ಲಿಲ್ಲ."

"ಮತ್ತೆ ಅವತ್ತೇ ಯಾಕೆ ಬೈಲಿಲ್ಲ ಅತ್ತೆ?"

ಅತ್ತೆ ಕಿಟಕಿಯ ಕಡೆ ನೋಡಿದರು.

"ಮೊದಲು ನಿನಗೂ ಮನಸ್ಸಿಗೆ ಬೇಜಾರಾಗಿರ್ತದೆ ಅಂತ ಸುಮ್ಮನಿದ್ದೆ. ಆಮೇಲೆ ನೀನು ಮಂಗಳವಾರ ಕರ್ಕೊಂಡೋಗಾಕೆ ಶುರು ಮಾಡಿದೆ. ಕೇಳಿದ್ರೆ ನೀನು ಕೋಪ ಮಾಡ್ಕೊಂಡು ಅದನ್ನೂ ನಿಲ್ಲಿಸಿಬಿಟ್ರೆ?"

ಅವರು ನನ್ನನ್ನು ನೋಯಿಸಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು. ನನ್ನ ಮನೆಯಲ್ಲಿ, ನನ್ನ ಗಂಡನ ತಾಯಿ, ವಾರಕ್ಕೆ ಒಂದು ದಿನದ ಹೊರಗಿನ ಗಾಳಿ ಕೈತಪ್ಪೀತು ಎಂದು ನನಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಬೀಜಿ ಬಿದ್ದ ಸುದ್ದಿಗಿಂತ ಈ ಮಾತು ನನ್ನನ್ನು ಹೆಚ್ಚು ಕುಗ್ಗಿಸಿತು. ಹಾಗೆ ಕುಗ್ಗಿಸಿತು ಎನ್ನುವುದಕ್ಕೂ ನಾಚಿಕೆಯಾಗುತ್ತದೆ. ಮೂಳೆ ಮುರಿದುಕೊಂಡದ್ದು ಬೀಜಿ.

ಮಾರನೆಯ ದಿನ ಫೌಂಡೇಶನ್ನಿನ ಆಫೀಸಿಗೆ ಫೋನು ಮಾಡಿ, ನಮ್ಮ ಕಮಿಟಿಯನ್ನು ನೋಡಿಕೊಳ್ಳುವ ಆಫೀಸರಿಗೆ ನಡೆದದ್ದನ್ನು ಹೇಳಿದೆ. ಈ ಸಲ ಅತ್ತೆಯ ಮಾತನ್ನು ಫ್ರಿಜ್ಜಿನಿಂದ ಹಿಡಿದು ಹೆಸರು ಕೂಗಿಕೊಂಡವರೆಗೆ ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದೆ. ಕಷ್ಟವೇನೂ ಆಗಲಿಲ್ಲ. ಈ ವರ್ಷದ ಹಣ ಆಗಲೇ ಹಂಚಿ ಆಗಿದೆ, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ, ಮುಂದಿನ ವರ್ಷ ಮತ್ತೆ ಕೇಳಲು ಅವರಿಗೆ ಹೇಳುತ್ತೇನೆ ಎಂದಳು. ಕುಟುಂಬದವರ ಮಾತನ್ನು ಕುಟುಂಬದವರೇ ಅನುವಾದ ಮಾಡಲು ನಾವು ಬಿಡಬಾರದಿತ್ತು, ಅದು ನಮ್ಮ ತಪ್ಪು ಎಂದೂ ಸೇರಿಸಿದಳು. ಅವಳು ಒಳ್ಳೆಯ ಮನಸ್ಸಿನಿಂದ ಅಂದಳು. ನನಗೆ ಆ ತಪ್ಪನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕು ಅನ್ನಿಸಲಿಲ್ಲ. ಕಮಿಟಿ ಬಿಡುತ್ತೇನೆ ಎಂದೆ. ಬಿಡಬೇಕಿಲ್ಲ ಎಂದಳು. ಬಿಟ್ಟೆ.

ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು, "ಬಟ್ ಅಮ್ಮ, ಅಜ್ಜಿ ನೆವರ್ ಸೆಡ್ ಎನಿಥಿಂಗ್" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಅವಳಿಗೆ ಹೇಳಿಕೊಡುವಷ್ಟು ಮುಖ ಇರಲಿಲ್ಲ. ಈಗ ಅವಳು ಸ್ಕೂಲಿನಿಂದ ಬಂದ ಮೇಲೆ ಅಜ್ಜಿಯ ಹತ್ತಿರ ಹೊಲಿಗೆ ಕಲಿಯುತ್ತಾಳೆ, ಮನಸ್ಸು ಬಂದ ದಿನ. ಮಿಶನ್ನು ಒಂದು ತಂದಿದ್ದೇವೆ.

ಮರುವರ್ಷ ಸಂಸ್ಥೆಯವರು ಮತ್ತೆ ವ್ಯಾನು ಕೇಳಿದರು. ಹೊಸ ಕಮಿಟಿ ನೋಡಲು ಬಂತು. ಅಷ್ಟು ಹೊತ್ತಿಗೆ ಅತ್ತೆಯ ಹಿಂದಿ, ಪಂಜಾಬಿ ಬೆರೆತು, ಅವರದೇ ಒಂದು ಭಾಷೆಯಾಗಿತ್ತು. ಅವರು ಅದರಲ್ಲೇ ಮಾತಾಡಿದರಂತೆ. ಅಲ್ಲಿನ ಒಬ್ಬ ಹೆಂಗಸು ಇಂಗ್ಲಿಷಿಗೆ ತಿರುಗಿಸಿದಳಂತೆ. ನಾನು ಒಳಗೆ ಹೋಗಿರಲಿಲ್ಲ. ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ ಅತ್ತೆ, "ಬೀಜಿ ವಿಷ್ಯ ಹೇಳ್ದೆ" ಎಂದರು. ಅಷ್ಟೇ.

ವ್ಯಾನು ಸಿಕ್ಕಿತು. ಬ್ರ್ಯಾಂಪ್ಟನ್ನು, ರೆಕ್ಸ್‌ಡೇಲು ಎಲ್ಲ ಸುತ್ತಿ ಬರುತ್ತದೆ. ಅರೋರಾದವರೆಗೆ ಬರುವುದಿಲ್ಲ, ಅತ್ತೆಯನ್ನು ನಾನೇ ಬಿಡುತ್ತೇನೆ. ಬೀಜಿ ಆ ವ್ಯಾನು ಹತ್ತಲಿಲ್ಲ. ಮಗನ ಮನೆಯ ಮೆಟ್ಟಿಲು ಏರಲಾಗದೆ ದೂರದ ವಿನ್ನಿಪೆಗ್ಗಿನ ಮಗಳ ಮನೆಗೆ ಹೋದರು, ಅಲ್ಲೇ ಇದ್ದಾರೆ. ಕೆಲವು ಭಾನುವಾರ ವಿಡಿಯೊ ಕಾಲಿನಲ್ಲಿ ಅತ್ತೆಯ ಜೊತೆ ಮಾತಾಡುತ್ತಾರೆ. ಫೋನು ಹಿಡಿದುಕೊಡಲು ನಾನು ಹೋದಾಗ, ಊಟ ಆಯಿತಾ ಬೇಟಾ ಎಂದು ನನ್ನನ್ನೂ ವಿಚಾರಿಸುತ್ತಾರೆ. ಆಯಿತು ಬೀಜಿ ಎಂದು ಫೋನನ್ನು ಬೇಗ ಅತ್ತೆಯ ಕೈಗೆ ಕೊಟ್ಟುಬಿಡುತ್ತೇನೆ.

ಮಂಗಳವಾರ ಪ್ಲಾಜಾದ ಹಿಂದೆ ಕಾರು ನಿಲ್ಲಿಸಿದರೆ ಅತ್ತೆ ಇಳಿಯುತ್ತ, "ಒಳಗೆ ಬಾರಮ್ಮ, ಚಹಾ ಕುಡ್ಕೊಂಡು ಹೋಗೀಯಂತೆ" ಎನ್ನುತ್ತಾರೆ. ಕೆಲವು ಸಲ ಹೋಗುತ್ತೇನೆ. ಆ ಗುಂಪಿನಲ್ಲಿ ಕೂತು, ಯಾರಾದರೂ ತಮ್ಮ ಭಾಷೆಯಲ್ಲಿ ಏನಾದರೂ ಹೇಳಿದರೆ ಅರ್ಥವಾಗದಿದ್ದರೂ ಪೂರ್ತಿ ಕೇಳುತ್ತೇನೆ. ಇನ್ನು ಕೆಲವು ಸಲ ಕೆಲಸ ಇದೆ ಅತ್ತೆ ಎನ್ನುತ್ತೇನೆ. ಅವರು ತಲೆಯಾಡಿಸಿ, ವ್ಯಾನಿನಿಂದ ಇಳಿಯುತ್ತಿರುವ ಯಾರದೋ ಕೈ ಹಿಡಿದು ನಿಧಾನವಾಗಿ ಒಳಗೆ ಹೋಗುತ್ತಾರೆ.